ಇದು ದಾನವಲ್ಲ, ರಾಜ್ಯಭಾರ!

ಕಾರ್ಮಿಕ ಬಂಧುಗಳೆ, ಅಂಗಡಿ ಬೀದಿಯ ಮಿತ್ರರೆ,

ಸೂಡಾನ್ ದೇಶದ ಹೆಸರು ನಮ್ಮ ಜನರ ಕಿವಿಗೆ ಬಿದ್ದದ್ದು ೨೦೨೩ರ ಏಪ್ರಿಲಿನಲ್ಲಿ. ಗಿಡಮೂಲಿಕೆ ಮಾರಿ ಹೊಟ್ಟೆ ಹೊರೆಯಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿನ ಎಲ್ ಫಾಶರ್ ಊರಿನಲ್ಲಿ ಗುಂಡಿನ ನಡುವೆ ಸಿಕ್ಕಿಬಿದ್ದಿದ್ದರು. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ ೩,೮೦೦ಕ್ಕೂ ಹೆಚ್ಚು ಮಂದಿಯನ್ನು ಆ ದೇಶದಿಂದ ಕರೆತಂದಿತು. ನಮ್ಮವರು ಮನೆ ಸೇರಿದರು; ನಾವು ಪತ್ರಿಕೆ ಮಡಿಸಿಟ್ಟೆವು. ಆದರೆ ಅದೇ ಮಣ್ಣಿನಲ್ಲಿ ಹುಟ್ಟಿದವರನ್ನು ಯಾವ ಹಡಗು ಬಂದು ಕರೆದೊಯ್ಯಬೇಕು?

ಆ ಯುದ್ಧ ಮಾಡಿದವರು ಯಾರು? ಸೇನಾಪತಿ ಬುರ್ಹಾನ್ ಮತ್ತು ಅರೆಸೇನೆಯ ಒಡೆಯ ಹೆಮೆಟಿ. ೨೦೧೯ರಲ್ಲಿ ಜನ ಬೀದಿಗಿಳಿದು ಸರ್ವಾಧಿಕಾರಿ ಬಷೀರನನ್ನು ಕೆಳಗಿಳಿಸುವಂತೆ ಮಾಡಿದರು. ಆ ಚಳವಳಿಯ ಮುಂದಿನ ಸಾಲಿನಲ್ಲಿ ಹೆಂಗಸರಿದ್ದರು. ಜನ ಗೆದ್ದುದನ್ನು ೨೦೨೧ರ ಅಕ್ಟೋಬರ್ ೨೫ರಂದು ಇವರಿಬ್ಬರೂ ಸೇರಿ ಕಸಿದರು. ೨೦೨೩ರ ಏಪ್ರಿಲ್ ೧೫ರಂದು, ಕದ್ದ ಗಂಟಿನ ಪಾಲಿಗಾಗಿ ಹೊಡೆದಾಡಿದರು. ಕೋಟಿಗೂ ಮೀರಿ ಜನ ಮನೆಮಠ ಬಿಟ್ಟರು. ೨೦೨೪ರ ಆಗಸ್ಟಿನಲ್ಲಿ ಎಲ್ ಫಾಶರ್ ಬಳಿಯ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಬಂದಿದೆಯೆಂದು ಅಂತರರಾಷ್ಟ್ರೀಯ ತಜ್ಞರೇ ಒಪ್ಪಿದರು.

ಸರ್ಕಾರ ಸತ್ತ ಆ ಊರುಗಳಲ್ಲಿ ಅನ್ನ ಹಾಕಿದವರು ಯಾರು? ಬೀದಿ ಬೀದಿಯ ಯುವಕರು, ಹೆಂಗಸರು. 'ತುರ್ತು ಕೋಣೆ'ಗಳೆಂಬ ಸಮಿತಿ ಕಟ್ಟಿ ಸಾಮೂಹಿಕ ಅಡಿಗೆಮನೆ ತೆರೆದರು. ನಮ್ಮ ರೈತರ ಮುಯ್ಯಾಳಿನಂತೆ ಅವರಲ್ಲಿ 'ನಫೀರ್' ಎಂಬ ಪದ್ಧತಿಯುಂಟು. ಅದು ಊರು ದಾಟಿ ಸಮುದ್ರವನ್ನೂ ದಾಟಿತು. ಕೈರೋ, ಕೊಲ್ಲಿ ನಾಡುಗಳು, ಲಂಡನ್, ಅಮೆರಿಕೆಗಳಲ್ಲಿ ದುಡಿಯುವ ಸೂಡಾನಿ ಹೆಂಗಸರು ಕೂಲಿ ಸಂಬಳದಲ್ಲಿ ಉಳಿಸಿ, ನೆಂಟರಿಷ್ಟರಿಂದ ಕೂಡಿಸಿ, ಮೊಬೈಲಿನ ಬ್ಯಾಂಕು ಖಾತೆಗೆ ಹಣ ಕಳಿಸಿದರು. ಆ ಹಣ ಬೇಳೆಯಾಯಿತು, ಔಷಧಿಯಾಯಿತು.

ಇದನ್ನು ಕೇಳಿ ನಮ್ಮ ದೊಡ್ಡ ಮನುಷ್ಯರು ತಲೆದೂಗುತ್ತಾರೆ. "ಹೆಂಗಸರ ಕರುಳು ದೊಡ್ಡದು, ದಾನಧರ್ಮ ಅವರ ಸ್ವಭಾವ" ಎನ್ನುತ್ತಾರೆ. ಈ ಹೊಗಳಿಕೆ ಮೋಸದ್ದು! ಯಾವ ಬೀದಿಗೆ ಎಷ್ಟು ಸೇರು ಬೇಳೆ, ಯಾವ ರೋಗಿಗೆ ಮೊದಲು ಔಷಧಿ, ಬಂದ ಕಾಸಿನ ಲೆಕ್ಕ ಯಾರಿಗೆ ಒಪ್ಪಿಸಬೇಕು—ಇದನ್ನೆಲ್ಲ ತೀರ್ಮಾನಿಸುವುದಕ್ಕೆ ದಾನವೆನ್ನುವುದಿಲ್ಲ, ರಾಜ್ಯಭಾರವೆನ್ನುತ್ತಾರೆ. ಕೆಲಸ ಸರ್ಕಾರದ್ದು, ಹೆಸರು ಮಾತ್ರ ಕರುಣೆಯದು!

ಸಿರಿವಂತ ಸರ್ಕಾರಗಳು ಏನು ಮಾಡಿದವು? ೨೦೨೫ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ನೂರಾರು ಅಡಿಗೆಮನೆಗಳ ಒಲೆ ಆರಿತು. ಉಳಿದ ಎಷ್ಟೋ ಒಲೆಗಳು ಉರಿದದ್ದು ಹೊರನಾಡಿನವರ ಕಾಸಿನಿಂದ, ಉದ್ದರಿ ಕೊಟ್ಟ ಅಂಗಡಿಯವರ ಧೈರ್ಯದಿಂದ. ಅದೇ ಏಪ್ರಿಲ್ ೧೫ರಂದು ಲಂಡನ್ನಿನಲ್ಲಿ ಸೇರಿದ ವಿದೇಶಾಂಗ ಮಂತ್ರಿಗಳಿಗೆ ಒಂದು ಜಂಟಿ ಹೇಳಿಕೆಗೆ ಒಪ್ಪುವುದೂ ಆಗಲಿಲ್ಲ. ಅಕ್ಟೋಬರಿನಲ್ಲಿ ಎಲ್ ಫಾಶರ್ ಅರೆಸೇನೆಯ ಕೈಸೇರಿತು.

ಹೆಂಗಸರ ಚಿಲ್ಲರೆ ಕಾಸಿನಿಂದ ಯುದ್ಧ ನಿಂತೀತೆ ಎಂದು ಕೇಳುವವರಿದ್ದಾರೆ. ನಿಲ್ಲದು, ನಿಜ. ಸೂಡಾನಿನ ಚಿನ್ನ ಹೊರಗೆ ಹರಿದು ಬಂದೂಕು ಒಳಗೆ ಬರುವವರೆಗೆ ಎಷ್ಟು ಬೇಳೆ ಬೇಯಿಸಿದರೂ ಹಸಿದವರ ಸಾಲು ಕರಗದು. ಆದಕಾರಣವೇ ಹೇಳುತ್ತೇನೆ: ಅವರ ಕಾಸನ್ನಷ್ಟೇ ಪಡೆದು ಕೈಮುಗಿದರೆ ಸಾಲದು. ಬಂದೂಕು ಹಿಡಿದವನಿಗೆ ಸಂಧಾನದ ಮೇಜಿನಲ್ಲಿ ಕುರ್ಚಿಯುಂಟಾದರೆ, ಸೌಟು ಹಿಡಿದವಳಿಗೂ ಅದನ್ನು ತುಂಬಲು ಹಣ ಕಳಿಸಿದವಳಿಗೂ ಅದೇ ಎತ್ತರದ ಕುರ್ಚಿ ಬೇಕು.

ಬಂಧುಗಳೆ, ದೂರದ ದೇಶದ ತಪ್ಪು ಎಣಿಸುವುದು ಸುಲಭ. ನಮ್ಮ ಮಿಲ್ಲುಗಳ ಮುಷ್ಕರದಲ್ಲಿ ಗೇಟಿನ ಮುಂದೆ ಗಂಜಿ ಬೇಯಿಸಿದವರು ಯಾರು? ಮೂಗುಬೊಟ್ಟು ಅಡವಿಟ್ಟು ಮನೆ ನಡೆಸಿದವರು ಯಾರು? ಒಪ್ಪಂದಕ್ಕೆ ರುಜು ಹಾಕುವ ದಿನ ಅವರನ್ನು ಎಲ್ಲಿ ಕೂರಿಸಿದ್ದೆವು? ನಮ್ಮ ಪಕ್ಷದ ಸಭೆಗಳಲ್ಲಿ ಅವರಿಗೆ ಹಾಸಿದ ಚಾಪೆ ಎಲ್ಲಿದೆ? ಬಾಗಿಲ ಆಚೆ!

ಮುಂದಿನ ಯೂನಿಯನ್ ಸಭೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳೋಣ. ಆಮೇಲೆ ಸೂಡಾನಿನ ಬಗ್ಗೆ ನಿರ್ಣಯ ಮಾಡಿದರೆ ಅದಕ್ಕೊಂದು ಬೆಲೆ ಬಂದೀತು.