ಗುಡ್ಡೆ ಸಪಾಟು ಮಾಡುವ ಮೊದಲು ಅಡಿಯಲ್ಲಿ ಎಂತ ಉಂಟು ನೋಡಿ

ಈ ಬೇಸಿಗೆಯಲ್ಲೂ ನಮ್ಮ ಸುತ್ತಮುತ್ತ ಹಿಟಾಚಿ ಸದ್ದು ನಿಂತಿಲ್ಲ. ಅಡಿಕೆಗೆ ರೇಟ್ ಉಂಟು, ಬೈಲು ಗದ್ದೆಗಳು ಆಗಲೇ ತೋಟ ಆಗಿವೆ, ಇನ್ನು ಉಳಿದದ್ದು ಗುಡ್ಡೆ. ತೋಟ ಮಾಡಬೇಡಿ ಅಂತ ಹೇಳಲು ನಾನು ಯಾರು? ಆದರೆ ಇಡೀ ಗುಡ್ಡೆಯನ್ನು ಕಡಿದು ಮೈದಾನ ಮಾಡುವುದು ತಪ್ಪು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಗೊತ್ತಾಗಬೇಕಾದರೆ ಈ ನೆಲ ಹೇಗೆ ಆಯಿತು ಅಂತ ನೋಡಬೇಕು.

ಭೂಮಿ ಆದ ಕಥೆ ಅಂದ ಕೂಡಲೇ ನಮ್ಮವರು ಮಲ್ಪೆಯಲ್ಲಿ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪ ತೋರಿಸುತ್ತಾರೆ. ನೋಡುವಂಥದ್ದೇ. ಸುಮಾರು 8.5ರಿಂದ 9 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಅದು. ತಣಿಯುವಾಗ ಕುಗ್ಗಿ, ಕೆರೆ ಒಣಗಿದ ಮೇಲೆ ಕೆಸರು ಬಿರಿದ ಹಾಗೆ ಬಿರಿದು, ಐದಾರು ಮೂಲೆಯ ಕಂಬಗಳಾಯಿತು. (ಎಲ್ಲರೂ ಬಸಾಲ್ಟ್ ಅನ್ನುತ್ತಾರೆ. ಅಧ್ಯಯನ ಮಾಡಿದವರ ಪ್ರಕಾರ ಅದು ರಯೋಲೈಟ್-ಡೇಸೈಟ್ ಜಾತಿಯ ಕಲ್ಲು. ದಖ್ಖನ್ನಿನ ಲಾವಾ ಬೇರೆ, ಇದಕ್ಕಿಂತ ಸುಮಾರು ಎರಡು ಕೋಟಿ ವರ್ಷ ಈಚಿನದ್ದು.) ಆದರೆ ನಾವು ಗುದ್ದಲಿ ಹಾಕುವ ನೆಲಕ್ಕೂ ಆ ಬೆಂಕಿಗೂ ಸಂಬಂಧ ಕಮ್ಮಿ. ಈ ನೆಲವನ್ನು ಮಾಡಿದ್ದು ಮಳೆ, ಅದೂ ನಿಧಾನಕ್ಕೆ.

ಎಷ್ಟು ನಿಧಾನ? ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ಆರು ನೂರು ಮಳೆಗಾಲ ಹತ್ತಿರ ಬಂತು, ಮುಖ ಇನ್ನೂ ಹಾಗೆಯೇ ಉಂಟು. ಅಂಥ ಗಟ್ಟಿ ಕಲ್ಲೇ ಲಕ್ಷಗಟ್ಟಲೆ ವರ್ಷ ಬಿಸಿಲು-ಮಳೆಗೆ ಕೊಳೆತು, ಸುಣ್ಣ, ಸಿಲಿಕಾ ಎಲ್ಲ ನೀರಲ್ಲಿ ಕರಗಿ ಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಉಳಿದು ನಮ್ಮ ಮುರಕಲ್ಲು ಆದದ್ದು.

ಮುಖ್ಯ ವಿಷಯ ಆ ಮುರದ ಅಡಿಯಲ್ಲಿ ಉಂಟು. ಬಾವಿ ತೋಡಿಸಿದವರಿಗೆ ಗೊತ್ತು, ಮುರ ದಾಟಿದರೆ ಶೇಡಿ ಮಣ್ಣು ಸಿಗುತ್ತದೆ. ಬಿಳಿ, ಹಳದಿ, ಕೆಲವು ಕಡೆ ನಸುಗೆಂಪು. ಒಣಗಿದ್ದಾಗ ಗೋಡೆ ಹಾಗೆ ನಿಲ್ಲುತ್ತದೆ, ನೀರು ಕುಡಿದರೆ ಗಂಜಿ. ಮಣಿಪಾಲದ ಕಡೆ ರಸ್ತೆಗೆ, ಕಟ್ಟಡಕ್ಕೆ ಗುಡ್ಡೆ ಕಡಿದ ಜಾಗದಲ್ಲಿ ನಿಂತು ನೋಡಿ, ಮೇಲೆ ಕೆಂಪು, ಕೆಳಗೆ ಬಿಳಿ-ಹಳದಿ ಪಟ್ಟೆ ಕಾಣುತ್ತದೆ. ಗಟ್ಟಿ ಮುರ ಅದಕ್ಕೆ ಮುಚ್ಚಳ. ಹಿಟಾಚಿಯವರು ಎರಡು ದಿನದಲ್ಲಿ ತೆಗೆಯುವುದು ಆ ಮುಚ್ಚಳವನ್ನೇ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಬರೀ ಮೈಯ ಶೇಡಿಯ ಮೇಲೆ ಜೂನ್ ಮಳೆ ಬಿದ್ದರೆ ಎಂತ ಆಗ್ತದೆ ಅಂತ ಬಿಡಿಸಿ ಹೇಳಬೇಕಾ ಮಾರಾಯ್ರೆ?

ಮುರದಲ್ಲಿ ತೂತುಗಳು ಉಂಟಲ್ಲ, ಮಳೆನೀರು ಅದರಲ್ಲಿ ಇಂಗಿ ಗುಡ್ಡೆಯ ಬುಡದಲ್ಲಿ ಒರತೆಯಾಗಿ ಬರುತ್ತದೆ. ಹಿರಿಯರು ನೆಲವನ್ನು ಬೆಟ್ಟು, ಮಜಲು, ಬೈಲು ಅಂತ ಮೂರು ಮಾಡಿದ್ದು ಈ ನೀರಿನ ಲೆಕ್ಕದಲ್ಲೇ. ಮೇಲೆ ಹಾಡಿ ಬಿಟ್ಟದ್ದು ಸೋಮಾರಿತನದಿಂದ ಅಂತ ಯಾರಾದರೂ ತಿಳಿದುಕೊಂಡಿದ್ದರೆ ಅವರ ಬಾವಿಯ ನೀರು ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಯೋಚಿಸಲಿ.

"ನನ್ನ ಜಾಗ, ನನ್ನ ದುಡ್ಡು" ಅನ್ನುತ್ತಾರೆ. ಸರಿ. ಆದರೆ ಮಣ್ಣು ಗಡಿ ನೋಡಿ ನಿಲ್ಲುವುದಿಲ್ಲ, ಕೆಳಗಿನವರ ತೋಡು ತುಂಬಿಸುತ್ತದೆ. ತೋಡು ತುಂಬಿದರೆ ಅವರ ಬೈಲಲ್ಲಿ ನೆರೆ. ದುಡ್ಡಿನ ಲೆಕ್ಕವೂ ಸರಿ ಹೋಗುವುದಿಲ್ಲ. ಮೇಲ್ಮಣ್ಣು ಹೋದ ಜಾಗಕ್ಕೆ ಬೇರೆ ಕಡೆಯಿಂದ ಮಣ್ಣು ತರಬೇಕು, ಗೊಬ್ಬರ ಸುರಿಯಬೇಕು, ಒರತೆ ಬತ್ತಿದರೆ ಬೋರ್ ಕೊರೆಸಬೇಕು.

ಮಾಡುವುದೇ ಆದರೆ ನೆತ್ತಿಯ ಹಾಡಿ ಮುಟ್ಟಬೇಡಿ. ಇಳಿಜಾರಿಗೆ ಅಡ್ಡವಾಗಿ ಸಣ್ಣ ಸಣ್ಣ ಮೆಟ್ಟಿಲು ಮಾಡಿ, ಪ್ರತಿ ಮೆಟ್ಟಿಲೂ ಒಳಗಡೆಗೆ ತುಸು ವಾಲಿರಲಿ. ಬಿಳಿ ಮಣ್ಣು ಕಂಡಲ್ಲಿ ಯಂತ್ರ ನಿಲ್ಲಿಸಿ. ಮೇಲಿಂದ ಬರುವ ನೀರನ್ನು ಬದಿಗೆ ತಿರುಗಿಸುವ ಕಣಿ ಮೊದಲು, ಅಡಿಕೆ ಗುಂಡಿ ಆಮೇಲೆ. ಪತ್ತನಾಜೆಗೆ ಒಂದು ತಿಂಗಳು ಇರುವಾಗಲೇ ಮಣ್ಣು ಕೆಲಸ ಮುಗಿಯಬೇಕು.

ಈಗಾಗಲೇ ಕಡಿದಾಗಿದ್ದರೆ ಅಂಚಿಗೆ ಲಾವಂಚ ಹಾಕಿ. ಬುಡ ನಮ್ಮಲ್ಲಿ ಉಂಟು, ಮೊದಲ ಮಳೆ ಬಿದ್ದ ಮೇಲೆ ಬನ್ನಿ, ಕಿತ್ತು ಕೊಡುತ್ತೇನೆ. ಗೋಣಿ ನೀವೇ ತನ್ನಿ.