ಕೋರ್ಟಿನ ತಪ್ಪಿಗೆ ದಂಡ ತೆರುವವರಾರು?

ಬಾಡಿಗೆ ಮಳಿಗೆಯಲ್ಲಿ ಕಿರಾಣಿ ಅಂಗಡಿ ಇಟ್ಟವನೊಬ್ಬ ಕೆಳಗಿನ ಕೋರ್ಟಿನಲ್ಲಿ ದಾವೆ ಗೆಲ್ಲುತ್ತಾನೆ ಎನ್ನಿ. ಎದುರಾಳಿ ಮೇಲ್ಮನವಿ ಹೋಗುತ್ತಾನೆ. ವರ್ಷಗಳ ಮೇಲೆ ಹೈಕೋರ್ಟು, ಕೆಳಗಿನ ನ್ಯಾಯಾಧೀಶರು ಕಾನೂನನ್ನು ತಪ್ಪಾಗಿ ತಿಳಿದರೆಂದು ಹೇಳಿ ಆ ತೀರ್ಪನ್ನು ತಳ್ಳಿಹಾಕುತ್ತದೆ. ಎದುರಾಳಿಯ ಖರ್ಚನ್ನೂ ಅಂಗಡಿಯವನ ತಲೆಗೆ ಕಟ್ಟುತ್ತದೆ. ತಪ್ಪು ಮಾಡಿದ್ದು ಪೀಠ, ತೆತ್ತದ್ದು ಗಲ್ಲಾಪೆಟ್ಟಿಗೆ. ಖರ್ಚು ಕೊಡಿಸದಿದ್ದರೆ ಆಗಲೂ ನ್ಯಾಯವಿಲ್ಲ: ಗೆದ್ದವನು ತನ್ನ ವಕೀಲರ ಫೀಜನ್ನು ತಾನೇ ನುಂಗಿಕೊಳ್ಳಬೇಕು.

ಈ ಅನ್ಯಾಯವನ್ನು ಕಂಡು ಮದ್ದು ಹುಡುಕಿದ ನಾಡೊಂದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1951ರಲ್ಲಿಯೇ ವ್ಯಾಜ್ಯಗಾರರ ನಿಧಿಯ ಕಾಯಿದೆ ಮಾಡಿತು. ಕಾನೂನಿನ ಪ್ರಶ್ನೆಯ ಮೇಲೆ ಮೇಲ್ಮನವಿ ಗೆದ್ದರೆ, ಸೋತ ಪ್ರತಿವಾದಿಗೆ ಕೋರ್ಟು ಒಂದು ನಷ್ಟಭರ್ತಿ ಪತ್ರ ಕೊಡಬಹುದು. ಅವನು ಗೆದ್ದವನಿಗೆ ಕೊಡಬೇಕಾದ ಖರ್ಚೂ ಅವನದೇ ಮೇಲ್ಮನವಿಯ ಖರ್ಚೂ ಒಂದು ಮಿತಿಯವರೆಗೆ ನಿಧಿಯಿಂದ ಬರುತ್ತವೆ. ಸರ್ಕಾರಕ್ಕೂ ದೊಡ್ಡ ಬಂಡವಾಳದ ಕಂಪನಿಗಳಿಗೂ ಈ ಪತ್ರವಿಲ್ಲ. ಸಂಬಳದ ವಕೀಲರನ್ನು ಸಾಕಿಕೊಂಡವರಿಗೆ ಬೊಕ್ಕಸದ ಹಣವೇಕೆ? ವಿಕ್ಟೋರಿಯಾ ರಾಜ್ಯ 1964ರಲ್ಲಿ ಇದೇ ದಾರಿ ಹಿಡಿಯಿತು. ಕೇಂದ್ರ ಕೋರ್ಟುಗಳ ಮೊಕದ್ದಮೆಗಳಿಗಾಗಿ ಅಲ್ಲಿನ ಪಾರ್ಲಿಮೆಂಟು 1981ರಲ್ಲಿ ಕಾಯಿದೆ ಮಾಡಿತು. ಪತ್ರ ಕೊಡುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ಹಕ್ಕಲ್ಲ; ಅಷ್ಟು ಕೊರತೆ ಅದರಲ್ಲಿದೆ.

ನಮ್ಮಲ್ಲೇನಿದೆ? ಮೊಕದ್ದಮೆ ಮರುವಿಚಾರಣೆಗೆಂದು ಕೆಳಗಿನ ಕೋರ್ಟಿಗೆ ಹಿಂತಿರುಗಿದರೆ ಮೇಲ್ಮನವಿಯ ಸ್ಟಾಂಪಿನ ಹಣ ವಾಪಸು ಪಡೆಯಲು ನಮ್ಮ ರಾಜ್ಯದ 1958ರ ಕೋರ್ಟ್ ಫೀ ಕಾಯಿದೆಯಲ್ಲಿ ಅವಕಾಶವಿದೆ. ವಕೀಲರ ಫೀಜು, ಬಸ್ ಚಾರ್ಜು, ಬಾಗಿಲು ಹಾಕಿದ ದಿನಗಳ ವ್ಯಾಪಾರ, ಇವುಗಳ ಮಾತೇ ಇಲ್ಲ. ಅದೇ 1958ರಲ್ಲಿ ಸೆಟಲ್‌ವಾಡರ ಅಧ್ಯಕ್ಷತೆಯ ಕಾನೂನು ಆಯೋಗವು ನ್ಯಾಯದಾನದಿಂದ ಸರ್ಕಾರ ಲಾಭ ಮಾಡಿಕೊಳ್ಳಬಾರದೆಂದಿತು. ಕೇಳಿದವರಾರು?

ಉಚಿತ ಕಾನೂನು ನೆರವು ಇದೆಯಲ್ಲ ಎನ್ನುವರು. ಇದೆ, ಅದನ್ನು ಬಳಸಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಜಾರಿಗೆ ಬಂದದ್ದು 1995ರಲ್ಲಿ. ಅದರ 12ನೆಯ ಕಲಮಿನಲ್ಲಿ ಕೈಗಾರಿಕಾ ಕೆಲಸಗಾರನಿಗೆ ವರಮಾನದ ಮಿತಿಯಿಲ್ಲದೆ ನೆರವಿನ ಹಕ್ಕಿದೆ. ಗಿರಣಿಯ ಎಷ್ಟು ಮಂದಿ ಇದನ್ನು ಬಲ್ಲರು? ಜಿಲ್ಲಾ ಪ್ರಾಧಿಕಾರದ ಕಚೇರಿಯ ಬಾಗಿಲು ತಟ್ಟಿ ಕೇಳಿರಿ. ಆದರೆ ವರಮಾನದ ಮಿತಿಗಿಂತ ನಾಲ್ಕು ಕಾಸು ಹೆಚ್ಚು ಕಾಣುವ ಅಂಗಡಿಯವನು ಸಾಲ ಮಾಡಿ ಕೋರ್ಟು ಹತ್ತಿದರೆ, ಪೀಠದ ತಪ್ಪಿನಿಂದ ಆದ ನಷ್ಟವನ್ನು ತುಂಬಿಕೊಡುವ ಬಾಬು ಆ ಕಾಯಿದೆಯಲ್ಲಿಲ್ಲ.

ಖಜಾನೆಯಲ್ಲಿ ಹಣವಿಲ್ಲವೆಂಬ ಹಳೆಯ ರಾಗ ಈಗ ಕೇಳಿಬರುವುದು ಖಂಡಿತ. ಕೋರ್ಟಿನ ಫೀಯನ್ನು ಕಕ್ಷಿದಾರನೇ ಕಟ್ಟುತ್ತಾನೆ. ಸುಪ್ರೀಂ ಕೋರ್ಟಿನದನ್ನು ಬಿಟ್ಟರೆ ಈ ಫೀ ಸಂವಿಧಾನದ ಪ್ರಕಾರ ರಾಜ್ಯದ ವಿಷಯ; ದೆಹಲಿಯ ಕಡೆ ಕೈತೋರಿಸುವಂತಿಲ್ಲ. ವಸೂಲಾದ ಫೀಯಲ್ಲಿ ಒಂದು ಪಾಲನ್ನು ಇಂಥ ನಿಧಿಗೆ ತೆಗೆದಿಡುವ ಮಸೂದೆಯನ್ನು ಸರ್ಕಾರ ಮುಂದಿನ ಅಧಿವೇಶನದಲ್ಲಿಯೇ ತರಬೇಕು. ತರದಿದ್ದರೆ ಏಕೆ ತರಲಿಲ್ಲವೆಂದು ನಮ್ಮ ಜಿಲ್ಲೆಯ ಶಾಸಕರು ಸಭೆಯಲ್ಲಿ ಎದ್ದುನಿಂತು ಕೇಳಲಿ.