ಅಂಜದೀವದ ದೇವಿಯೂ ನಮ್ಮ ಹೊಣೆಯೂ

ಪ್ರಾಚೀನ ದೇವಾಲಯವೆಂದೊಡನೆ ನಮ್ಮವರ ಮನಸ್ಸು ಬಾದಾಮಿ, ಬನವಾಸಿ, ಹಳೇಬೀಡುಗಳತ್ತ ಹರಿಯುತ್ತದೆ. ಅದು ಸಹಜವೇ. ಆದರೆ ಕಡಲ ಮಳೆಗೆ ಮೈಯೊಡ್ಡಿ, ಹಂಚಿನ ಮಾಡಿನ ಕೆಳಗೆ, ಕೆಂಪುಕಲ್ಲಿನ ಗೋಡೆಗಳ ನಡುವೆ ನಿಂತಿರುವ ಕಾರವಾರ, ಅಂಕೋಲೆಗಳ ಊರ ಗುಡಿಗಳಿಗೂ ಇತಿಹಾಸವುಂಟು. ಶಿಲ್ಪವೈಭವವಿಲ್ಲವೆಂಬ ಮಾತ್ರಕ್ಕೆ ಅವು ಇತಿಹಾಸಹೀನವಾಗುವುದಿಲ್ಲ. ಅಂಕೋಲೆಯ ಶ್ರೀ ಆರ್ಯಾದುರ್ಗಾ ದೇವಿಯ ಸನ್ನಿಧಿಯೇ ಈ ಮಾತಿಗೆ ಸಾಕ್ಷಿ.

ಈ ದೇವಿಯ ಮೂಲಸ್ಥಾನ ಅಂಕೋಲೆಯಲ್ಲ. ಕಾರವಾರದ ದಕ್ಷಿಣಕ್ಕೆ ಕಡಲಿನಲ್ಲಿರುವ ಅಂಜದೀವ ದ್ವೀಪ. ಪೋರ್ತುಗೀಜರ ಕಾಲದಲ್ಲಿ ಭಕ್ತರು ದೇವಿಯನ್ನು ದ್ವೀಪದಿಂದ ಅಂಕೋಲೆಗೆ ತಂದು ಪ್ರತಿಷ್ಠಾಪಿಸಿದರೆಂಬುದು ಪರಂಪರೆಯ ಮಾತು. ಗೋವೆ ಮತ್ತು ಕೊಂಕಣ ತೀರದ ಅನೇಕ ಮನೆತನಗಳಿಗೆ ಆರ್ಯಾದುರ್ಗೆಯು ಕುಲದೇವತೆ. ಅಂಜದೀವವೆಂಬ ಹೆಸರೇ ದೇವಿಯ ಹೆಸರಿನಿಂದ ಬಂದುದೆಂದು ಹೇಳುವವರೂ ಉಂಟು.

ಈ ಪರಂಪರೆಗೆ ಪಕ್ಕದಲ್ಲಿಟ್ಟು ನೋಡಬೇಕಾದ ಒಂದು ಬರಹವಿದೆ. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವಾಗ ಅಂಜದೀವದಲ್ಲಿ ತಂಗಿದನು. ಅವನ ತಂಡದವನೊಬ್ಬನು ಬರೆದಿಟ್ಟ ದಿನಚರಿಯಲ್ಲಿ ಆ ದ್ವೀಪದ ವರ್ಣನೆಯಿದೆ: ಅಲ್ಲೊಂದು ದೊಡ್ಡ ಕಲ್ಲಿನ ಕಟ್ಟಡ ಪಾಳುಬಿದ್ದಿತ್ತು, ಅದರಲ್ಲಿ ಗರ್ಭಗುಡಿಯಂತಹ ಒಂದು ಭಾಗಕ್ಕೆ ಮಾತ್ರ ಹುಲ್ಲಿನ ಮಾಡು ಹೊದಿಸಲಾಗಿತ್ತು, ಜನರು ಅದರೊಳಗೆ ಮೂರು ಕಪ್ಪು ಕಲ್ಲುಗಳನ್ನು ಪೂಜಿಸುತ್ತಿದ್ದರು, ಕೆತ್ತಿದ ಕಲ್ಲಿನ ಕೊಳವೂ ಇತ್ತು. ಬಂದವರು ಅದನ್ನು ಇಗರ್ಜಿಯೆಂದೇ ಕರೆದಿದ್ದಾರೆ. ಕಟ್ಟಡವನ್ನು ಹಾಳುಗೆಡವಿದವರು ಮುಸಲ್ಮಾನರೆಂದು ಸ್ಥಳೀಯರು ಹೇಳಿದುದಾಗಿಯೂ ಬರೆದಿದ್ದಾರೆ. ದೇವರ ಹೆಸರನ್ನು ಮಾತ್ರ ಬರೆದಿಲ್ಲ.

ಮುಂದೆ 1505ರಲ್ಲಿ ಆಲ್ಮೇಡನು ಅಲ್ಲಿ ಕೋಟೆ ಕಟ್ಟಿಸಿದನು. ಮರುವರ್ಷವೇ ಅದನ್ನು ಕೆಡವಲಾಯಿತು. ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷ್ ದಂಡು ಪೋರ್ತುಗೀಜರು ಒಪ್ಪದಿದ್ದುದರಿಂದ ಇದೇ ದ್ವೀಪದಲ್ಲಿ ಬೀಡುಬಿಟ್ಟು, ರೋಗರುಜಿನಗಳಿಂದ ಬಹುಪಾಲು ನಾಶವಾಯಿತು. ಅದರ ನಾಯಕ ಶಿಪ್‌ಮನ್ನನೂ 1664ರಲ್ಲಿ ಅಲ್ಲಿಯೇ ಮಡಿದನು. 1961ರ ಡಿಸೆಂಬರಿನಲ್ಲಿ ಭಾರತೀಯ ನೌಕಾದಳವು ದ್ವೀಪವನ್ನು ಬಿಡಿಸಿಕೊಂಡಿತು. ನಮ್ಮ ಏಳು ಮಂದಿ ನಾವಿಕರು ಅಲ್ಲಿ ಪ್ರಾಣವಿತ್ತರು.

ದಿನಚರಿಯು ಹೇಳುವುದೊಂದು, ಪರಂಪರೆಯು ಹೇಳುವುದು ಇನ್ನೊಂದು. ಮೂರು ಕಪ್ಪು ಕಲ್ಲುಗಳಲ್ಲಿ ಆರ್ಯಾದುರ್ಗೆಯನ್ನು ಕಾಣುವುದು ಯುಕ್ತವಾದ ಊಹೆ, ಆದರೂ ಊಹೆಯೇ. ಇಂತಹ ಸಂದರ್ಭದಲ್ಲಿ ಕೆಲವರು ಪರಂಪರೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕುತ್ತಾರೆ. ಕೆಲವರು ಎರಡನ್ನೂ ಬಲವಂತವಾಗಿ ಹೊಲಿದು, ಇಂದಿನ ನೆರೆಹೊರೆಯವರ ಮೇಲೆ ಹಳೆಯ ಋಣವನ್ನು ಹೊರಿಸಹೊರಡುತ್ತಾರೆ. ಎರಡೂ ಇತಿಹಾಸಕ್ಕೆ ಮಾಡುವ ಅಪಚಾರವೇ. ಐತಿಹ್ಯವನ್ನು ಐತಿಹ್ಯವೆಂದೂ ದಾಖಲೆಯನ್ನು ದಾಖಲೆಯೆಂದೂ ಬೇರೆಬೇರೆಯಾಗಿ ಹೇಳಿ, ಎರಡಕ್ಕೂ ಗೌರವ ಸಲ್ಲಿಸಲು ಮಕ್ಕಳಿಗೆ ಕಲಿಸುವುದೇ ಅಧ್ಯಾಪಕರ ಧರ್ಮ.

ಊರನ್ನು ಬಿಟ್ಟು ಹೊರಡುವ ದುಃಖವು ಈ ತೀರಕ್ಕೆ ಹಳೆಯ ಕಾಲದ್ದು ಮಾತ್ರವಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟಗಳನ್ನು ಬಿಟ್ಟುಕೊಟ್ಟು ಎದ್ದವು. ಅಂಜದೀವವೂ ಆ ನೆಲೆಯೊಳಗೆ ಸೇರಿತು. ದೇಶದ ರಕ್ಷಣೆಗೆ ಅದು ಅಗತ್ಯವಾಗಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮನೆಗೆ ಪರಿಹಾರವನ್ನು ಎಣಿಸಬಹುದು. ಊರಿನ ದೇವರು, ಜಾತ್ರೆ, ಬಾವಿ, ಕಟ್ಟೆಗಳ ನೆನಪಿಗೆ ಲೆಕ್ಕವೆಲ್ಲಿದೆ? ಎದ್ದುಬಂದವರ ತಲೆಮಾರು ಕಳೆಯುವ ಮುನ್ನ ಆ ನೆನಪನ್ನು ಬರೆದಿಡದಿದ್ದರೆ, ಐನೂರು ವರ್ಷಗಳ ಅನಂತರ ಬರುವವರಿಗೆ ಪರದೇಶದವನ ದಿನಚರಿಯಷ್ಟು ಆಧಾರವೂ ಸಿಗದು.

ಅದಕ್ಕಿಂತ ಸಮೀಪದ ಅಪಾಯವೊಂದಿದೆ. ಅದು ನಮ್ಮ ಭಕ್ತಿಯಿಂದಲೇ ಬರುವಂಥದು. ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದೇ ಹೊರತು ಹಳೆಯದನ್ನೆಲ್ಲ ಕಿತ್ತೊಗೆದು ಕಾಂಕ್ರೀಟಿನಲ್ಲಿ ಹೊಸದನ್ನು ಕಟ್ಟುವುದಲ್ಲ. ಕೆತ್ತನೆಯ ಮರದ ಕಂಬ ಸೌದೆಯಾಗುತ್ತದೆ. ಅಕ್ಷರವಿರುವ ಕಲ್ಲು ಮೆಟ್ಟಿಲಾಗುತ್ತದೆ. ವೀರಗಲ್ಲು ಬಣ್ಣ ಬಳಿದುಕೊಂಡು ಗುರುತು ಕಳೆದುಕೊಳ್ಳುತ್ತದೆ. ಸೋರುವ ಮಾಡಿನ ಕೆಳಗೆ ಪೂಜೆ ನಡೆಯಲೆಂದು ನಾನು ಹೇಳುತ್ತಿಲ್ಲ. ಭಕ್ತರ ಅನುಕೂಲವೂ ಬೇಕು. ಆದರೆ ಅಂಜದೀವದ ಬಡಜನರು ಮಾಡಿದುದನ್ನು ನೆನೆಯಬೇಕು. ಗುಡಿ ಪಾಳಾದಾಗ ಅವರು ಉಳಿದಷ್ಟರ ಮೇಲೆ ಹುಲ್ಲು ಹೊದಿಸಿ ಪೂಜೆಯನ್ನು ಉಳಿಸಿದರು. ಜೀರ್ಣೋದ್ಧಾರಕ್ಕೆ ಇದಕ್ಕಿಂತ ದೊಡ್ಡ ಪಾಠ ಯಾವುದು?

ಸ್ಥಾವರ, ಜಂಗಮಗಳ ವಿವೇಕವು ಶರಣರಿಂದ ನಮಗೆ ದೊರೆತ ಬಳುವಳಿ. ಗೋಡೆ ಬೀಳಬಹುದು, ಜನರ ನಡೆನುಡಿಯಲ್ಲಿರುವುದು ಮುಂದೆ ಸಾಗುತ್ತದೆ. ಆದರೆ ಸಾಗಿಸುವವರೂ ಬೇಕು. ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡುಗಳನ್ನು ಕಂಠದಲ್ಲಿ ಹೊತ್ತಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂತಹ ಕಂಠಗಳು ಮೌನವಾದ ಮೇಲೆ ನಾವು ಕೇಳಹೋಗುವುದು ಯಾರನ್ನು?

ಆದುದರಿಂದ ಈ ಸಂಚಿಕೆಯ ಓದುಗರಲ್ಲಿ ಮೂರು ವಿನಂತಿಗಳು. ಅಧ್ಯಾಪಕ ಬಂಧುಗಳು ವರ್ಷಕ್ಕೊಂದು ಊರನ್ನು ಆಯ್ದು, ಅಲ್ಲಿಯ ಗುಡಿಯ ಅಳತೆ, ಶಾಸನ, ಹಬ್ಬದ ಕ್ರಮ, ಬಂಡಿಹಬ್ಬದಂತಹ ಉತ್ಸವಗಳಲ್ಲಿ ಯಾವ ಮನೆತನಕ್ಕೆ ಯಾವ ಸೇವೆಯೆಂಬುದನ್ನು ವಿದ್ಯಾರ್ಥಿಗಳಿಂದ ಬರೆಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರ ಮಾತನ್ನು ಧ್ವನಿಮುದ್ರಿಸಿ ಶಾಲೆಗೆ ಒಪ್ಪಿಸಲಿ. ದಾನಿಗಳು ದೇವಾಲಯದ ಕಟ್ಟಡಕ್ಕೆ ಹಣ ಕೊಡುವ ಮುನ್ನ, ಹಳೆಯದರ ಛಾಯಾಚಿತ್ರ ಮತ್ತು ವಿವರಗಳು ದಾಖಲಾಗಿವೆಯೇ ಎಂದು ಕೇಳಲಿ. ಆಗಿಲ್ಲದಿದ್ದರೆ ತಮ್ಮ ದಾನದ ಮೊದಲ ಪಾಲನ್ನು ಆ ಕೆಲಸಕ್ಕೇ ಮೀಸಲಿಡಲಿ. ಅಮೃತಶಿಲೆಯ ಮೇಲೆ ದಾನಿಯ ಹೆಸರು ಕೆತ್ತಿಸುವುದು ತಪ್ಪಲ್ಲ. ಅದಕ್ಕಾಗಿ ಅದಕ್ಕಿಂತ ಹಳೆಯ ಹೆಸರೊಂದು ಅಳಿಯಬಾರದು, ಅಷ್ಟೆ.